ಚಿಟ್ಟೆ ನೋಡುವ ಮೇಜಿಗೆ ಮಾನಿಟರ್ ಬಂತು

ಜೂನ್ 9, ಸೋಮವಾರ

ಮೂರ್ತಿಗೆ ಹೊಸ ಹುಚ್ಚು ಹಿಡಿದಿದೆ. ಅವನ ಅಪ್ಪ ಇದ್ದಾಗ ಈ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಹುಚ್ಚಿಗೆಲ್ಲ ಜಾಗ ಇರಲಿಲ್ಲ. ಅಪ್ಪ ಹೋದರು, ಮಗ ಯಜಮಾನನಾದ. ಮೊದಲು ಗೇಟಿಗೆ ಬಣ್ಣ ಬಳಿಸಿದ, ಆಮೇಲೆ ಬಾಗಿಲಲ್ಲಿ ಬೆರಳೊತ್ತುವ ಯಂತ್ರ ಇಟ್ಟ, ಈಗ ನನ್ನ ಮೈಕ್ರೋಸ್ಕೋಪಿನ ಮೇಲೆ ಅವನ ಕಣ್ಣು ಬಿದ್ದಿದೆ. ಅದರ ತಲೆಗೆ ಕ್ಯಾಮೆರಾ ಸಿಕ್ಕಿಸಿ ಪಕ್ಕದಲ್ಲೊಂದು ಮಾನಿಟರ್ ಇಟ್ಟರೆ ನಾನು ನೋಡುವುದೆಲ್ಲ ಅದರ ಮೇಲೆ ಕಾಣುತ್ತದಂತೆ. ಕಂಡರೆ ಏನಾಗಬೇಕು ಎಂದು ಕೇಳಿದೆ. "ಫೋಟೋ ಇಟ್ಕೋಬೋದಕ್ಕ, ಇನ್‌ಸ್ಪೆಕ್ಟರ್ ಬಂದ್ರೆ ತೋರ್ಸಾಕೆ" ಎಂದ.

ನನ್ನ ಕೆಲಸದಲ್ಲಿ ತೋರಿಸುವಂಥದ್ದು ಏನೂ ಇಲ್ಲ. ಚಿಟ್ಟೆ ಮೊಟ್ಟೆ ಇಡುತ್ತದೆ. ಇಟ್ಟಾದ ಮೇಲೆ ತಾಯಿಯನ್ನು ಒರಳಿಗೆ ಹಾಕಿ, ಪೊಟ್ಯಾಶ್ ನೀರು ಬಿಟ್ಟು ಅರೆದು, ಒಂದು ಹನಿ ಗಾಜಿನ ಮೇಲಿಟ್ಟು ನೋಡುತ್ತೇನೆ. ಗಂಟುರೋಗ ಇದ್ದರೆ ಅದರ ಕಣ ಅಕ್ಕಿನುಚ್ಚಿನ ಹಾಗೆ ಹೊಳೆಯುತ್ತದೆ. ಕಂಡರೆ ಆ ಗುಂಪಿನ ಮೊಟ್ಟೆಯೆಲ್ಲ ಬೆಂಕಿಗೆ, ಕಾಣದಿದ್ದರೆ ರೈತನ ಮನೆಗೆ. ಈ ರೋಗಕ್ಕೆ ಮದ್ದಿಲ್ಲ. ತಾಯಿಯಿಂದ ಮೊಟ್ಟೆಗೆ ಹೋಗುತ್ತದೆ, ಮೊಟ್ಟೆಯಿಂದ ಹುಳುವಿಗೆ, ಒಂದು ಹುಳುವಿನಿಂದ ಮನೆ ತುಂಬ. ಅಷ್ಟನ್ನು ತಡೆಯಲು ಇರುವುದು ನನ್ನ ಎರಡು ಕಣ್ಣು. ಅದಕ್ಕೆ ಟೀವಿ ಬೇಕಂತೆ.

ದೊಡ್ಡದೇ ಇಡೋಣ ಎಂದ. ಎಲ್ಲಿ ಇಡುತ್ತಾನೆ? ಕಲ್ಲುಮೇಜಿನ ಮೇಲೆ ಬೋಗುಣಿ, ಒರಳು, ಗಾಜಿನ ತಟ್ಟೆ ಹೋಗಿ ಉಳಿಯುವುದು ಎರಡು ಗೇಣು. ದಿನಾ ಸಂಜೆ ಬ್ಲೀಚಿಂಗ್ ಪುಡಿ ಹಾಕಿ ಮೇಜು ತೊಳೆಯಬೇಕು, ಒಂದು ಕಡ್ಡಿಯೂ ಮೇಲೆ ಉಳಿಯಬಾರದು. "ಅಂಗಾದ್ರೆ ಚಿಕ್ಕದು, ಕೈಯಾಗೆ ಎತ್ತಿಡೋಂಥದ್ದು ತರಾನ. ನೀವೇ ಆರಿಸ್ಕೊಳಿ ಅಕ್ಕ" ಎಂದ. ಎತ್ತಿಗೇ ನೊಗ ಆರಿಸು ಅಂದ ಹಾಗಾಯಿತು.

ಜೂನ್ 11, ಬುಧವಾರ

ಮಾನಿಟರ್ ಆರಿಸಲು ನನಗೆ ಜೊತೆ ಕೊಟ್ಟಿರುವುದು ಆ ಬಾಗಲೂರಿನ ಹುಡುಗಿಯನ್ನು. ಬಿ.ಎಸ್ಸಿ. ಓದಿ ಬಂದು ಮೂರು ತಿಂಗಳಾಗಿದೆ. ಬಂದ ದಿನ ನನ್ನನ್ನು ಆಂಟಿ ಅಂದಳು, ಮತ್ತೆ ಅನ್ನಲಿಲ್ಲ. ಹೊಸತರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ಹಾಗೆ ಒಂದೊಂದು ಗಾಜನ್ನೂ ಅರ್ಧ ಗಂಟೆ ನೋಡುತ್ತಾಳೆ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫೋನು ತಂದು ಮೂಗಿನ ಹತ್ತಿರ ಹಿಡಿದಳು. ಅದರಲ್ಲಿ ಅಕ್ಷರ ಇರುವೆ ಸಾಲು ಹೋದ ಹಾಗೆ. ಮನುಷ್ಯರು ಓದಲಿ ಎಂದು ಬರೆದದ್ದಲ್ಲ. ನೀನೇ ಓದಮ್ಮ ಅಂದೆ, ಅವಳಿಗೂ ಮಾಡಲು ಒಂದು ಕೆಲಸ ಇರಲಿ.

ಕೊಂಡವರು ಬರೆದ ಅಭಿಪ್ರಾಯಗಳಂತೆ. ಒಬ್ಬ ಐದು ನಕ್ಷತ್ರ ಕೊಟ್ಟು, "ಇನ್ನೂ ತೆರೆದಿಲ್ಲ, ಡಬ್ಬ ಚೆನ್ನಾಗಿದೆ" ಎಂದಿದ್ದಾನೆ. ಇನ್ನೊಬ್ಬ ಒಂದೇ ನಕ್ಷತ್ರ ಕೊಟ್ಟಿದ್ದಾನೆ, ತಂದುಕೊಟ್ಟವನು ಮೆಟ್ಟಿಲು ಹತ್ತಿ ಬರಲಿಲ್ಲವಂತೆ. ಇಂಥವರ ಮಾತು ಕೇಳಿ ದೇಶ ಸಾಮಾನು ಕೊಳ್ಳುತ್ತದೆ.

"ಇದು ಹದಿನಾಲ್ಕು ಇಂಚು ಅಕ್ಕ, ಫುಲ್ ಎಚ್‌ಡಿ. ಇದೂ ಹದಿನಾಲ್ಕೇ, ಆದ್ರೆ ಫೋರ್ ಕೆ."

"ಎರಡೂ ಒಂದೇ ಅಳತೆ ಅಂದ್ಮೇಲೆ ಏನ್ ವ್ಯತ್ಯಾಸ?"

"ಚುಕ್ಕಿ ಅಕ್ಕ. ಚಿತ್ರ ಅಂದ್ರೆ ಎಲ್ಲಾ ಚುಕ್ಕಿನೇ. ಅಷ್ಟೇ ಜಾಗ್ದಲ್ಲಿ ಇದ್ರಲ್ಲಿ ಚುಕ್ಕಿ ಜಾಸ್ತಿ ಐತೆ. ನಮ್ ಕಣ ಇರೋದೇ ಒಂದ್ ಚೂರು. ಚುಕ್ಕಿ ಕಮ್ಮಿ ಇದ್ರೆ ದೊಡ್ಡದು ಮಾಡ್ದಾಗ ಮಸುಕಾಯ್ತದೆ. ಇದ್ರಲ್ಲಿ ಅಂಚು ನೀಟಾಗ್ ಬರ್ತದೆ."

ನನಗೆ ಪಾಠ! ಕನ್ನಡಿಯ ಹಾಗೆ ಹೊಳೆಯುವ ಪರದೆ ಬೇಡ ಅಂದೆ, ಟ್ಯೂಬ್‌ಲೈಟು ಅದರಲ್ಲೇ ಕೂತು ಕಣ್ಣು ಚುಚ್ಚುತ್ತದೆ, ಹೊಳಪಿಲ್ಲದ್ದೇ ಆಗಬೇಕು. ಹುಡುಗಿ ಹಿಗ್ಗಿ ಹೀರೇಕಾಯಿಯಾದಳು, "ಸರಿಯಾಗ್ ಹೇಳಿದ್ರಿ ಅಕ್ಕ" ಅಂತ. ಕೊನೆಗೆ ಇರುವುದರಲ್ಲೆಲ್ಲ ದುಬಾರಿ ಯಾವುದು ಎಂದು ಕೇಳಿ ಅದಕ್ಕೇ ಬೆರಳಿಟ್ಟೆ. ಮೂರ್ತಿ ಬೆಲೆ ನೋಡಿ ಬೆಚ್ಚಿ ಇಡೀ ಯೋಚನೆಯನ್ನೇ ಕೈಬಿಡುತ್ತಾನೆ ಎಂದು ನನ್ನ ಲೆಕ್ಕ. ಅವನು ಟೀ ಕುಡಿಯುತ್ತಲೇ ಆರ್ಡರ್ ಮಾಡಿಬಿಟ್ಟ. ಅಪ್ಪನ ದುಡ್ಡು, ಮಗನ ಜಾತ್ರೆ.

ಜೂನ್ 14, ಶನಿವಾರ

ಈ ಬಸ್ಸುಗಳಿಗೆ ಬೋರ್ಡು ಬರೆಯುವವರನ್ನು ಯಾರು ಆರಿಸುತ್ತಾರೋ. ಕೆಲಮಂಗಲದಲ್ಲಿ ರಾಯಕೋಟೆ ಬಸ್ಸು ಎಂದು ಹತ್ತಿದರೆ ಅದು ಡೆಂಕಣಿಕೋಟೆಗೆ ಹೊರಟಿತ್ತು. ಕಂಡಕ್ಟರ್, "ಬೋರ್ಡು ಪಾತ್ತು ಏರಕೂಡಾದಾಮ್ಮಾ?" ಎಂದು ನಾಲ್ಕು ಜನರ ಮುಂದೆ ತಮಿಳಿನಲ್ಲಿ ಅಂದ. ನೋಡಿಯೇ ಹತ್ತಿದ್ದು ಕಣಯ್ಯ, ಮೊದಲು ನೆಟ್ಟಗೆ ಬರೆಸಿ ಅಂದೆ. ಮೊದಲಾದರೆ ಬಣ್ಣದಲ್ಲಿ ದಪ್ಪಗೆ ಬರೆಯುತ್ತಿದ್ದರು. ಈಗ ದೀಪದ ಅಕ್ಷರ, ಒಂದರ ಮೇಲೊಂದು ಬಿದ್ದು ಹೊರಳಾಡುತ್ತವೆ.

ಜೂನ್ 18, ಬುಧವಾರ

ಬಂತು. ಇಷ್ಟೆಲ್ಲ ಗದ್ದಲ ಮಾಡಿ ಬಂದದ್ದು ನೋಡಿದರೆ ಒಂದನೇ ಕ್ಲಾಸಿನ ಸ್ಲೇಟು! ತೆಳ್ಳಗೆ, ಕಪ್ಪಗೆ. ಹೊದಿಕೆಯನ್ನೇ ಹಿಂದಕ್ಕೆ ಮಡಚಿ ನಿಲ್ಲಿಸಬೇಕಂತೆ. ಒದ್ದೆ ಕಲ್ಲಿನ ಮೇಲೆ ಅದು ನಿಲ್ಲುತ್ತದೆಯೇ? ಕುಡಿದವನ ಹಾಗೆ ಜಾರಿ ಜಾರಿ ಮಲಗಿತು. ಕೊನೆಗೆ ಹುಡುಗಿ ಎರಡು ಇಟ್ಟಿಗೆ ತೊಳೆದು ತಂದು ಒತ್ತು ಕೊಟ್ಟಳು.

ವೈರು ಸಿಕ್ಕಿಸಿದರು. ದೀಪ ಹತ್ತಿತು, ಚಿತ್ರ ಇಲ್ಲ. ಮೂರ್ತಿ ಕಿತ್ತು ಮತ್ತೆ ಸಿಕ್ಕಿಸಿದ. ಇಲ್ಲ. ತಿರುಗಿಸಿ ಸಿಕ್ಕಿಸಿದ, ಊದಿ ಸಿಕ್ಕಿಸಿದ, ಕೈ ಮುಗಿಯುವುದೊಂದು ಬಾಕಿ. ಡಬ್ಬದಲ್ಲಿದ್ದ ವೈರನ್ನು ಬಿಟ್ಟು ತನ್ನ ಫೋನಿನ ಚಾರ್ಜರ್ ವೈರನ್ನು ಹಾಕಿದ್ದಾನೆ ಮಹಾರಾಯ! ಎರಡೂ ನೋಡಲು ಒಂದೇ ಥರ. ಆದರೆ ಅದರಲ್ಲಿ ಬರೀ ಕರೆಂಟು ಹೋಗುತ್ತದೆ, ಚಿತ್ರ ಹೋಗುವುದಿಲ್ಲ ಎಂದು ಹುಡುಗಿ ಕಂಡುಹಿಡಿದಳು. ಅಷ್ಟರಲ್ಲಿ ಡಬ್ಬದ ವೈರನ್ನು ಕಸದ ಜೊತೆ ಆಚೆ ಹಾಕಿಯಾಗಿತ್ತು. ಇವತ್ತಿನಷ್ಟು ನಕ್ಕು ಬಹಳ ದಿನವಾಗಿತ್ತು.

ಜೂನ್ 20, ಶುಕ್ರವಾರ

ಹೊಸೂರಿನಿಂದ ಬೇರೆ ವೈರು ತರಿಸಿದರು. ಚಿತ್ರ ಬಂತು, ಆದರೆ ಸೊಳ್ಳೆಪರದೆಯ ಒಳಗಿಂದ ನೋಡಿದ ಹಾಗೆ. ದುಬಾರಿ ಚುಕ್ಕಿಯೆಲ್ಲ ಎಲ್ಲಿ ಹೋದವು ಎಂದೆ. ಕ್ಯಾಮೆರಾ ಚಿಕ್ಕ ಚಿತ್ರ ಕಳಿಸುತ್ತಿದೆ, ಪರದೆ ಅದನ್ನು ಎಳೆದು ಹಿಗ್ಗಿಸುತ್ತಿದೆ ಎಂದಳು. ಏನೋ ಒತ್ತಿದಳು, ಬದಲಾಯಿಸಿದಳು. ಆಗ ನೋಡಬೇಕು! ಗಾಜಿನ ಮೇಲಿದ್ದದ್ದೆಲ್ಲ ಝಗಝಗ ಹೊಳೆಯತೊಡಗಿತು. ಕೊಬ್ಬಿನ ಹನಿಯೂ ಮುತ್ತು, ಗಾಳಿಗುಳ್ಳೆಯೂ ಮುತ್ತು. ಹೀಗೆ ನೋಡಿದರೆ ಕೇಂದ್ರದ ಮೊಟ್ಟೆಯನ್ನೆಲ್ಲ ಸುಡಬೇಕು.

"ಮದುವೆ ಆಲ್ಬಮ್ಮಲ್ಲ ಇದು, ಇಳಿಸು" ಅಂದೆ.

"ಎಷ್ಟು ಅಕ್ಕ?"

"ಇಳಿಸ್ತಾ ಬಾ, ಹೇಳ್ತೀನಿ. ಬಣ್ಣ ತೆಗಿ. ಇನ್ನೂ. ಅಂಚಿನ ಸುತ್ತ ಬಿಳಿ ಬಳೆ ಕಾಣ್ತಾ ಐತಲ್ಲ, ಅದ್ ಹೋಗ್ಬೇಕು. ಹಾಂ, ನಿಲ್ಸು."

ಹಳೆಯ ರೋಗದ ಗಾಜೊಂದನ್ನು ಪಾಠಕ್ಕೆಂದು ಇಟ್ಟಿದ್ದೆವು. ಅದನ್ನು ಹಾಕಿದೆವು. ಒಂದೊಂದು ಕಣವೂ ರಾಗಿಕಾಳಿನ ಗಾತ್ರಕ್ಕೆ ಕಂಡಿತು, ಉದ್ದುದ್ದಕ್ಕೆ, ತೆಳು ಹಸಿರು ಹೊಳಪು. ಹುಡುಗಿ ಚಪ್ಪಾಳೆ ತಟ್ಟಿದಳು. ಮೂರು ತಿಂಗಳಿಂದ ಮೈಕ್ರೋಸ್ಕೋಪಿನ ಕೊಳವೆಯಲ್ಲಿ ನೋಡಿ ಕಲಿಯಲಾರದವಳಿಗೆ ಪರದೆ ಬೇಕಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನನ್ನ ಕೊಳವೆಗೇ ಕಣ್ಣಿಟ್ಟು ಕೂತೆ.

ಈ ಬಾಲ್‌ಪೆನ್ನಿನ ಶಾಯಿ ಬರೀ ನೀರು, ಬರೆದದ್ದು ನನಗೇ ಕಾಣುವುದಿಲ್ಲ. ನಮ್ಮ ಮನೆಯವರ ದಪ್ಪ ಸ್ಕೆಚ್ ಪೆನ್ನು ತೆಗೆದುಕೊಂಡಿದ್ದೇನೆ.

ಜೂನ್ 22, ಭಾನುವಾರ

ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಇವರಿಗೆ ಹೊಸ ಹವ್ಯಾಸ ಶುರುವಾಗಿದೆ. ನಾನು ಆರಿಸಿಟ್ಟ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಇನ್ನೊಂದು ಸಲ ಆರಿಸುತ್ತಾರೆ. ಯಾಕೆ ಎಂದರೆ ಹೊತ್ತು ಹೋಗಲ್ಲ ಎನ್ನುತ್ತಾರೆ. ಒಂದಷ್ಟು ಕಲ್ಲನ್ನು ಸದ್ದಿಲ್ಲದೆ ಕಿಟಕಿಯಿಂದ ಆಚೆ ಎಸೆದದ್ದು ನೋಡಿದೆ. ಅಂಗಡಿಯವನು ಕಲ್ಲನ್ನೇ ತೂಗಿ ಕೊಟ್ಟರೆ ಯಾರು ತಾನೇ ಏನು ಮಾಡಲಾದೀತು. ಊಟವಾದ ಮೇಲೆ, "ಹೊಸೂರ್ನಾಗೆ ಕಣ್ ನೋಡ್ತಾರಂತೆ, ನಂದೂ ತೋರಿಸ್ಬೇಕು, ಜತೆಗ್ ಬತ್ತೀಯಾ?" ಎಂದರು. ಇವರ ಕಣ್ಣಿಗೆ ಏನು ಧಾಡಿ? ದೂರದ ಗುಡ್ಡದ ಮೇಲೆ ಮೇಯುವ ಆಡು ಎಣಿಸುವ ಮನುಷ್ಯ. ಒಬ್ಬರೇ ಹೋಗಿ ಅಂದೆ.

ಜೂನ್ 26, ಗುರುವಾರ

ಬಚ್ಚಪ್ಪ ಮೊಟ್ಟೆಗೆ ಬಂದಿದ್ದ. ರಾಯಕೋಟೆಯಾಚೆ ಚಾಕಿ ಮನೆ ಇಟ್ಟಿದ್ದಾನೆ. ಮೊಟ್ಟೆ ಮರಿ ಮಾಡಿಸಿ, ಎಳೆ ಹುಳುವನ್ನು ಸಾಕಿ, ಸುತ್ತಲ ಹಳ್ಳಿಗಳ ರೈತರಿಗೆ ಹಂಚುತ್ತಾನೆ. ಮಾನಿಟರ್ ನೋಡಿ ಜಗುಲಿಯಿಂದಲೇ ಕೂಗಿದ: "ಆ ಟೀವಿ ನೋಡಿ ಕೊಡೋದು ನಂಗ್ ಬ್ಯಾಡ ಕಣಪ್ಪ ಮೂರ್ತಿ. ಕೋಮಲಕ್ಕ ನೋಡಿದ್ದೇ ಆಗ್ಬೇಕು." ಮೂರ್ತಿಯ ಮುಖ ಸಪ್ಪಗಾಯಿತು. ನನಗೆ ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ.

ಅವನ ಗುಂಪನ್ನು ನಾನೇ ನೋಡಿದೆ. ಕ್ಯಾಮೆರಾ ನನ್ನ ಮೈಕ್ರೋಸ್ಕೋಪಿನ ಮೇಲೇ ಇರುವುದರಿಂದ ನನ್ನ ಗಾಜು ಪರದೆಯ ಮೇಲೂ ಕಾಣುತ್ತದೆ. ಹುಡುಗಿ ಅದರ ಮುಂದೆ ಕೂತಿದ್ದಳು.

"ಅಕ್ಕ, ಒಂದ್ ನಿಮ್ಸ. ಒಸಿ ಹಿಂದಕ್ ತಿರುಗ್ಸಿ."

"ಏನು?"

"ಎಡಗಡೆ ಮೇಲೆ, ಎರಡು ಹೊಳೀತಾ ಐತೆ."

ಕೊಳವೆಯಲ್ಲಿ ನೋಡಿದೆ. ಏನೂ ಇರಲಿಲ್ಲ. "ಕೊಬ್ಬಿನ ಹನಿ" ಅಂದೆ.

"ಕೊಬ್ಬು ಗುಂಡಗಿರ್ತದೆ ಅಂತ ನೀವೇ ಹೇಳ್ಕೊಟ್ಟಿದ್ದು ಅಕ್ಕ. ಇದು ಉದ್ದಕ್ಕೈತೆ."

ಬಚ್ಚಪ್ಪ ನಕ್ಕ. "ಏ ಮಗಾ, ಕೋಮಲಕ್ಕ ಈ ಕುರ್ಚೀಲಿ ಕೂತಾಗ ನೀನು ಹುಟ್ಟೇ ಇರ್ಲಿಲ್ಲ ಕಣವ್ವ!" ಹುಡುಗಿ ಪರದೆಯ ಕಡೆ ತಿರುಗಿ ಏನೋ ಒತ್ತಿದಳು. ಮೊಟ್ಟೆ ಇಡಿಸಿದ ಹಾಳೆಗಳ ಮೂಲೆಯಲ್ಲಿ ಗುಂಪಿನ ನಂಬರ್ ಬರೆದು ಸಹಿ ಹಾಕಿ ಕೊಟ್ಟೆ. ಓದಿದವರಿಗೆ ಎಲ್ಲೆಲ್ಲೂ ರೋಗವೇ ಕಾಣುತ್ತದೆ.

ಜೂನ್ 27, ಶುಕ್ರವಾರ

ಹುಡುಗಿ ಇಡೀ ದಿನ ಮಾತಾಡಲಿಲ್ಲ. ಮಾತಾಡದಿದ್ದರೆ ಕೆಲಸ ಚೆನ್ನಾಗಿ ಸಾಗುತ್ತದೆ. ಸಾಗಲಿಲ್ಲ.

ಜೂನ್ 28, ಶನಿವಾರ

ಮಧ್ಯಾಹ್ನಕ್ಕೆ ಎಲ್ಲರೂ ಹೊರಟರು. ನಾನು ಉಳಿದೆ. ಆ ಹುಡುಗಿ ಕಂಡದ್ದು ತಪ್ಪೆಂದು ಅವಳ ಮುಖಕ್ಕೆ ಹಿಡಿಯಬೇಕೆಂದೇ ಉಳಿದದ್ದು. ಬಚ್ಚಪ್ಪನಿಗೆ ಕೊಟ್ಟ ಗುಂಪಿನ ತಾಯಿಚಿಟ್ಟೆಗಳಲ್ಲಿ ಅರೆಯದೆ ಉಳಿದವು ಒಣಗಿ ಡಬ್ಬದಲ್ಲಿದ್ದವು. ಒಂದಷ್ಟು ಅರೆದು ಗಾಜು ಮಾಡಿದೆ. ಸ್ಲೇಟನ್ನು ಇಟ್ಟಿಗೆಗೆ ಒರಗಿಸಿ ವೈರು ಸಿಕ್ಕಿಸಿದೆ. ಸರಿಯಾದ ವೈರು ಯಾವುದೆಂದು ಗೊತ್ತಾಗಲಿ ಎಂದು ಅವಳು ಅದಕ್ಕೆ ಕೆಂಪು ದಾರ ಕಟ್ಟಿದ್ದಾಳೆ. ಅಷ್ಟು ಬುದ್ಧಿ ಇದೆ.

ಕೊಳವೆಯಲ್ಲಿ ನೋಡಿದೆ, ಸ್ವಚ್ಛ. ಇನ್ನೊಂದು ಗಾಜು, ಸ್ವಚ್ಛ. ಮೂರನೆಯದನ್ನು ಇಟ್ಟು, ಗೆದ್ದೆ ಎಂದುಕೊಂಡು ತಲೆಯೆತ್ತಿದೆ. ಪರದೆಯ ಮೇಲೆ ಇದ್ದವು. ಒಂದೆರಡಲ್ಲ. ನೀರಿನಲ್ಲಿ ನುಚ್ಚು ಚೆಲ್ಲಿದ ಹಾಗೆ, ಉದ್ದುದ್ದಕ್ಕೆ, ಮೆಲ್ಲಗೆ ಅಲುಗುತ್ತ.

ಕೊಳವೆಗೆ ಕಣ್ಣಿಟ್ಟೆ. ಬರೀ ಮಂಜು. ಲೆನ್ಸಿನದೇ ದೋಷ ಎಂದು ಸ್ಪಿರಿಟ್ ಹಾಕಿ ಒರೆಸಿದೆ. ಮಂಜು. ಗಾಜನ್ನು ತೆಗೆದುಕೊಂಡು ಹೋಗಿ ಅವಳ ಮೈಕ್ರೋಸ್ಕೋಪಿಗೆ ಹಾಕಿದೆ. ಅಲ್ಲೂ ಅದೇ ಮಂಜು. ಬಲಗಣ್ಣು ಮುಚ್ಚಿ ನೋಡಿದೆ, ಎಡಗಣ್ಣು ಮುಚ್ಚಿ ನೋಡಿದೆ. ಮತ್ತೆ ಪರದೆ ನೋಡಿದರೆ ಅವು ಅಲ್ಲೇ ಇದ್ದವು. ಹೆದರಿಕೆಯಾಯಿತು. ಒರಳು ತೊಳೆದೆ, ತೊಳೆದ ಒರಳನ್ನೇ ಮತ್ತೆ ತೊಳೆದೆ. ಇದಕ್ಕೂ ಮುಂಚೆ ಎಷ್ಟು ಗುಂಪು ಹೀಗೆ ಹೋಗಿರಬಹುದು? ಇಲ್ಲಿಯವರೆಗೆ ಯಾರೂ ಬಂದು ದೂರಿಲ್ಲ. ದೂರುತ್ತಾರೆಯೇ? ನಾನು ನೋಡಿದ್ದಲ್ಲವೇ.

ಮೂರ್ತಿಗೆ ಫೋನು ಮಾಡಿದೆ. ಮೊಟ್ಟೆ ಇನ್ನೆರಡು ಮೂರು ದಿನದಲ್ಲಿ ಒಡೆಯುತ್ತದೆ, ಅಷ್ಟರೊಳಗೆ ವಾಪಸು ತರಬೇಕು ಅಂದೆ. "ಸೋಮವಾರ ಕೂತು ಮಾತಾಡಾನ ಅಕ್ಕ. ಸುದ್ದಿ ಹಬ್ಬಿದ್ರೆ ಕೇಂದ್ರದ ಹೆಸ್ರು ಹೋಯ್ತದೆ" ಎಂದ. ಹೇಡಿ. ಗೇಟಿಗೆ ಬಣ್ಣ ಬಳಿಯುವುದಕ್ಕೇ ಸರಿ. ಆಮೇಲೆ ಆ ಹುಡುಗಿಗೆ, ಭೂಮಿಕಾಗೆ, ಫೋನು ಮಾಡಿ, ಬಚ್ಚಪ್ಪನಲ್ಲಿಗೆ ಹೋಗಬೇಕು, ನಾಳೆ ಬಾ ಅಂದೆ. ಯಾಕೆ ಎಂದು ಕೇಳಲಿಲ್ಲ. ಮಾನಿಟರ್ ತೆಗೆದುಕೊಂಡು ಹೋಗೋಣವಾ ಎಂದಷ್ಟೇ ಕೇಳಿದಳು.

ಜೂನ್ 29, ಭಾನುವಾರ

ಬೆಳಿಗ್ಗೆ ಇಬ್ಬರೂ ಬಚ್ಚಪ್ಪನ ಚಾಕಿ ಮನೆಗೆ ಹೋದೆವು. ಮಾನಿಟರ್ ಭೂಮಿಕಾಳ ಕಾಲೇಜು ಚೀಲದಲ್ಲಿತ್ತು.

ಬಚ್ಚಪ್ಪ ಎದ್ದು ಬಂದ. ಅವನ ಹೆಂಡತಿ ಕೊಂಡಮ್ಮ ಮಜ್ಜಿಗೆ ತಂದಳು. ಮೊಟ್ಟೆಯಲ್ಲಿ ಗಂಟುರೋಗ ಇದೆ, ಎಲ್ಲ ಸುಡಬೇಕು ಅಂದೆ.

"ನೀವು ನೋಡಿ ಕೊಟ್ಟಿದ್ದಲ್ವಾ?"

"ನಾನೇ."

"ಮತ್ತಿನ್ನೇನು, ಮುಗೀತು. ಯಾರೋ ನಿಮ್ ಕಿವಿ ಊದ್ಬುಟ್ಟವ್ರೆ" ಎಂದು ಭೂಮಿಕಾಳ ಕಡೆ ನೋಡಿದ.

ಅವಳು ಚೀಲದಿಂದ ಮಾನಿಟರ್ ತೆಗೆದು, ಸೊಪ್ಪಿನ ಬುಟ್ಟಿಗೆ ಒರಗಿಸಿ, ಫೋನಿಗೆ ಕೆಂಪು ದಾರದ ವೈರು ಸಿಕ್ಕಿಸಿದಳು. ಗುರುವಾರವೇ ಆ ಗಾಜಿನ ಫೋಟೋ ಹಿಡಿದಿದ್ದಳಂತೆ. ಕಣ ಒಂದೊಂದೂ ಎಷ್ಟು ಸ್ಪಷ್ಟ! ಬಚ್ಚಪ್ಪ ಬಗ್ಗಿ ನೋಡಿದ. "ಚೆಂದಾಗೈತೆ. ಯಾವೂರ್ದೋ ಏನೋ. ಈಗ ಫೋನ್ನಾಗೆ ಆನೆ ಹಾರೋದ್ನೂ ತೋರಿಸ್ತಾರೆ." ಮೂರ್ಖ. ಎದುರಿಗೇ ಇಟ್ಟರೂ ನಂಬದವನಿಗೆ ಏನು ಹೇಳುವುದು.

ಮೈಕ್ರೋಸ್ಕೋಪು ಕೆಟ್ಟಿತ್ತು ಅಂದೆ. ದಾರಿಯಲ್ಲೆಲ್ಲ ಯೋಚಿಸಿಟ್ಟಿದ್ದ ಮಾತು ಅದು. ಅವನು ಅದಕ್ಕೂ ನಕ್ಕ.

"ಕೆಟ್ಟದ್ರಾಗೆ ನೋಡಿದ್ರೂ ನಿಮ್ಗೆ ಗೊತ್ತಾಯ್ತದೆ ಬುಡಿ. ಮೂರ್ತಿ ಅಪ್ಪನ ಕಾಲ್ದಾಗೆ ಕರೆಂಟೇ ಇಲ್ದೆ ಕಿಟಕಿ ಬೆಳಕ್ನಾಗೆ ನೋಡ್ತಿರ್ಲಿಲ್ವಾ? ಒಂದ್ ದಿನ ತಪ್ಪಾಗಿದ್ದುಂಟಾ? ಇದ್ನ ಸುಟ್ರೆ ನಾನ್ ಊರೋರ್ಗೆ ಏನಂತ ಹೇಳ್ಲಿ? ಸೊಪ್ಪು ಬೆಳ್ದು ಕಾಯ್ತಾ ಕೂತವ್ರೆ."

ಎಂಥ ದಡ್ಡತನ! ಅಷ್ಟು ಹಳ್ಳಿಯ ಹುಳು ಒಬ್ಬ ಮುದುಕಿಯ ಮೇಲಿನ ನಂಬಿಕೆಯಿಂದ ಸಾಯಬೇಕಂತೆ. ಇನ್ನು ಸುತ್ತಿ ಬಳಸಿ ಹೇಳಲು ಏನೂ ಉಳಿದಿರಲಿಲ್ಲ.

"ಬಚ್ಚಪ್ಪ, ನಂಗೆ ಕಣ್ ಕಾಣಲ್ಲ" ಅಂದೆ.

ಕೊಂಡಮ್ಮ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು. ಬಚ್ಚಪ್ಪ ತಮಾಷೆ ಎಂದುಕೊಂಡ. ಒಳಗೆ ಹೋಗಿ ಮೊಟ್ಟೆಯ ಹಾಳೆಯೊಂದನ್ನು ತಂದು ನನ್ನ ಕೈಗೆ ಕೊಟ್ಟು, "ಅದೇ ಗುಂಪಾ ಇದು? ನೋಡೇಳಿ" ಎಂದ. ಮೂಲೆಯಲ್ಲಿ ನಾನೇ ಬರೆದ ನಂಬರ್ ಇರುತ್ತದೆ. ಹತ್ತಿರ ಹಿಡಿದೆ, ದೂರ ಹಿಡಿದೆ, ಬಾಗಿಲ ಬೆಳಕಿಗೆ ತಿರುಗಿಸಿದೆ. ಬಿಳಿ ಹಾಳೆಯ ಮೇಲೆ ಏನೋ ಕೊಳೆಯಿದ್ದ ಹಾಗಿತ್ತು. ಸುಮ್ಮನೆ ಭೂಮಿಕಾಳ ಕೈಗೆ ಕೊಟ್ಟು, ಓದಮ್ಮ ಅಂದೆ. ಅವಳು ನಂಬರ್ ಓದಿದಳು, ಅದೇ ಗುಂಪು. ಬಚ್ಚಪ್ಪ ಹಾಳೆಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ಈ ಸಲ ನಗಲಿಲ್ಲ.

ಆಮೇಲೆ ಉಳಿದ ಹಾಳೆಗಳನ್ನು ಅವನೇ ತಂದ. ಹಿತ್ತಲಿನ ಗುಂಡಿಗೆ ಹಾಕಿ ಬೆಂಕಿ ಕೊಟ್ಟೆವು. ಹೊಸ ಮೊಟ್ಟೆ ಬರುವ ವಾರ ಕೊಡುತ್ತೇವೆ ಅಂದೆ.

"ಯಾರ್ ನೋಡ್ತಾರಕ್ಕ?" ಎಂದು ಮೆಲ್ಲಗೆ ಕೇಳಿದ.

"ಇವ್ಳು ನೋಡ್ತಾಳೆ. ನಾನೂ ಪಕ್ಕದಲ್ಲಿರ್ತೀನಿ, ಆ ಸ್ಲೇಟಿನ್ ಮುಂದೆ."

ರಸ್ತೆಯವರೆಗೆ ಬರುತ್ತೇನೆ ಎಂದು ಹೊರಟ. ಬೇಡವೆಂದರೂ ಕೇಳಲಿಲ್ಲ. ಅವನ ತೋಟದ ಕಾಲುವೆಗೆ ಅಡ್ಡಲಾಗಿ ಒಂದು ಕಲ್ಲುಚಪ್ಪಡಿ ಹಾಕಿದ್ದಾರೆ. ಬರುವಾಗ ನಾನೇ ದಾಟಿಕೊಂಡು ಬಂದಿದ್ದೆ. ಈಗ ಅವನು ಮುಂದೆ ಹೋಗಿ ದಾಟಿ, ತಿರುಗಿ ನಿಂತು ಕೈ ಚಾಚಿದ. ಇಷ್ಟು ವರ್ಷ ನನ್ನ ಹತ್ತಿರ ಬಂದಾಗಲೆಲ್ಲ ಹೆಗಲ ಟವಲ್ಲು ಇಳಿಸಿ ನಿಂತು ಮಾತಾಡಿದವನು. ಚೆನ್ನಾಗಿ ಬೈಯಬೇಕು ಅನ್ನಿಸಿತು, ಬಾಯಿಗೆ ಒಂದು ಬೈಗುಳವೂ ಬರಲಿಲ್ಲ. ಅವನ ಕೈ ಹಿಡಿದುಕೊಂಡು ದಾಟಿದೆ.